ಪಗಾರ ಹಿಡಿಯದೆ ಅರ್ಧ ದಿನ ರಜೆ: ನಮ್ಮ ಗ್ಯಾಂಗ್ ಗರ್ಭಕಂಠದ ಕ್ಯಾನ್ಸರ್ ತಪಾಸಣೆಗೆ ಹೋಗಿ ಬಂದದ್ದು

ಈ ವಾರ ಬೆಳೆ ಬಗ್ಗೆ ಬರೆಯುತ್ತಿಲ್ಲ. ಮೆಣಸಿನ ಗಿಡದ ಥ್ರಿಪ್ಸ್ ಬಗ್ಗೆ ಕೇಳಿದವರಿಗೆ ಮುಂದಿನ ವಾರ ಖಂಡಿತ ಉತ್ತರ ಕೊಡ್ತೀನಿ. ಇವತ್ತಿನ ವಿಷಯ ನಮ್ಮ ಹೊಲದಲ್ಲಿ ದಿನವಿಡೀ ಬಗ್ಗಿ ಕೆಲಸ ಮಾಡುವ ಹೆಣ್ಣುಮಕ್ಕಳದ್ದು. ಇಲ್ಲಿ ಓದುವವರಲ್ಲಿ ಹೆಚ್ಚಿನವರು ಗಂಡುಮಕ್ಕಳು ಅಂತ ನನಗೆ ಗೊತ್ತು, ಅದಕ್ಕೇ ಇಲ್ಲಿ ಬರೀತಿದ್ದೀನಿ. ಮುಜುಗರ ಆದರೆ ಆಗಲಿ, ಪೂರ್ತಿ ಓದಿ.

ನನ್ನದು ಹಾವೇರಿ ಜಿಲ್ಲೆ. ತೋಟಗಾರಿಕೆ ಪದವಿ ಮುಗಿಸಿ, ಎರಡು ವರ್ಷ ಬೀಜದ ಕಂಪನಿಯಲ್ಲಿ ದುಡಿದು, ಅಪ್ಪನ ಐದು ಎಕರೆಗೆ ವಾಪಸ್ ಬಂದವಳು. ಬ್ಯಾಡಗಿ ಮೆಣಸಿನಕಾಯಿ, ಅದರ ಜೊತೆ ಟೊಮೆಟೊ, ಬದನೆ, ಒಂದಿಷ್ಟು ಸೊಪ್ಪು. ಸಾವಯವ ಅಂದಮೇಲೆ ಕಳೆನಾಶಕ ಹೊಡೆಯೋ ಹಾಗಿಲ್ಲ, ಕಸ ಕೈಯಿಂದಲೇ ತೆಗೀಬೇಕು. ಹಾಗಾಗಿ ನನ್ನ ಹೊಲ ನಿಂತಿರೋದೇ ಹನ್ನೆರಡು ಹೆಣ್ಣಾಳುಗಳ ಒಂದು ಗ್ಯಾಂಗಿನ ಮೇಲೆ. ಜೀವಾಮೃತ, ಬೇವಿನ ಹಿಂಡಿ ಎಲ್ಲಾ ಆಮೇಲಿನ ಮಾತು.

ಆ ಗ್ಯಾಂಗನ್ನ ನಡೆಸುತ್ತಿದ್ದವಳನ್ನು ಎಲ್ಲರೂ ದೊಡ್ಡವ್ವ ಅಂತಲೇ ಕರೀತಿದ್ವಿ. ವಯಸ್ಸು ಐವತ್ತೈದರ ಆಸುಪಾಸು. ಸಾಲು ಹಿಡಿದರೆ ಹುಡುಗಿಯರಿಗಿಂತ ಮುಂದೆ ಹೋಗುತ್ತಿದ್ದ ಹೆಂಗಸು. ಒಂದು ಜನವರಿಯಲ್ಲಿ, ಹಣ್ಣುಗಾಯಿ ಬಿಡಿಸೋ ಭರಾಟೆಯಲ್ಲಿ, ಅವಳು ಎರಡು-ಮೂರು ದಿನ ಮಧ್ಯಾಹ್ನದ ಹೊತ್ತಿಗೆ ಬದುವಿನ ಮೇಲೆ ಸೊಂಟ ಹಿಡಿದು ಕೂತಿದ್ದಳು. ಕೇಳಿದೆ. "ಉಷ್ಣ ಆಗೇತಿ ಬಿಡವ್ವಾ, ಕಡಿಮಿ ಆಕ್ಕೈತಿ" ಅಂದಳು. ನಾಲ್ಕನೇ ದಿನ ಮಧ್ಯಾಹ್ನವೇ ಮನೆಗೆ ಹೋದಳು. ಶನಿವಾರ ಬಟವಾಡೆ ಮಾಡುವಾಗ ಆ ಅರ್ಧ ದಿನದ ಪಗಾರ ಹಿಡಿದೆ. ಲೆಕ್ಕ ಲೆಕ್ಕವೇ ಅಂತ ಆಗ ಅನಿಸಿತ್ತು.

ಮುಟ್ಟು ನಿಂತು ಆರು ವರ್ಷ ಆದಮೇಲೆ ಅವಳಿಗೆ ಮತ್ತೆ ರಕ್ತ ಕಾಣಿಸಿಕೊಂಡಿತ್ತು. ಅದು ಏಳೆಂಟು ತಿಂಗಳಿಂದ ಬಂದು ಹೋಗುತ್ತಿತ್ತು, ವಾಸನೆ ಬರುತ್ತಿತ್ತು. ಸೊಸೆಗೂ ಹೇಳಿರಲಿಲ್ಲ. ಜೀರಿಗೆ ನೀರು ಕುಡಿದಳು, ದೇವರಿಗೆ ಹರಕೆ ಹೊತ್ತಳು, ಔಷಧದ ಅಂಗಡಿಯಲ್ಲಿ ಸೊಂಟನೋವಿನ ಗುಳಿಗೆ ತಗೊಂಡು ನುಂಗಿದಳು. ಯುಗಾದಿ ಹೊತ್ತಿಗೆ ಕಾಲು ಬಾತುಕೊಂಡಿತು. ಹುಬ್ಬಳ್ಳಿಗೆ ಕರಕೊಂಡು ಹೋದಾಗ ಗರ್ಭಕಂಠದ ಕ್ಯಾನ್ಸರ್, ಮೂರನೇ ಹಂತ ಅಂದರು. ರೇಡಿಯೇಷನ್, ಕೀಮೋ ಎಲ್ಲಾ ಆಯಿತು. ಮರುವರ್ಷ ಮಿರ್ಗಾ ಮಳೆ ಹಿಡಿಯುವ ಹೊತ್ತಿಗೆ ದೊಡ್ಡವ್ವ ಇರಲಿಲ್ಲ.

ಡಾಕ್ಟರು ಅವಳ ಮಗನಿಗೆ ಹೇಳಿದ ಒಂದು ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ: ಹತ್ತು ವರ್ಷದ ಹಿಂದೆ ಒಂದೇ ಒಂದು ಸಲ ತಪಾಸಣೆ ಮಾಡಿಸಿದ್ದರೆ ಇದು ಕ್ಯಾನ್ಸರ್ ಆಗುವ ಮೊದಲೇ ಸಿಗುತ್ತಿತ್ತು. ಹತ್ತು ವರ್ಷ! ನಾವು ಮೋಹಕ ಬಲೆಯಲ್ಲಿ ನಾಲ್ಕು ಪತಂಗ ಹೆಚ್ಚು ಬಿದ್ದರೆ ಅವತ್ತೇ ಓಡಾಡುವ ಜನ.

ಇದು ಹೇಗೆ ಬರುತ್ತದೆ ಅಂತ ಮೊದಲು ತಿಳಕೊಳ್ಳಿ. ಗರ್ಭಕಂಠ ಅಂದರೆ ಗರ್ಭಚೀಲದ ಬಾಯಿ. ಅಲ್ಲಿ ಬರುವ ಕ್ಯಾನ್ಸರಿಗೆ ಬಹುತೇಕ ಎಲ್ಲಾ ಸಲ ಕಾರಣ ಎಚ್‌ಪಿವಿ ಅನ್ನೋ ವೈರಸ್ಸು. ಇದನ್ನು ಕಂಡುಹಿಡಿದ ಜರ್ಮನಿಯ ಹೆರಾಲ್ಡ್ ಝುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಈ ವೈರಸ್ಸಿನಲ್ಲಿ ಬಹಳ ತಳಿಗಳಿವೆ. 16 ಮತ್ತು 18 ಅನ್ನೋ ಎರಡೇ ತಳಿಗಳು ಸುಮಾರು ಶೇ. 70ರಷ್ಟು ಗರ್ಭಕಂಠದ ಕ್ಯಾನ್ಸರಿಗೆ ಕಾರಣ. ಲೈಂಗಿಕ ಸಂಪರ್ಕದಿಂದ ಹರಡುತ್ತದೆ, ಗಂಡಸರಿಂದ ಹೆಂಗಸರಿಗೂ ಹೆಂಗಸರಿಂದ ಗಂಡಸರಿಗೂ. ಬದುಕಿನಲ್ಲಿ ಒಂದಲ್ಲ ಒಂದು ಸಲ ಹೆಚ್ಚಿನವರಿಗೆ ತಗಲುತ್ತದೆ, ಹೆಚ್ಚಿನವರಲ್ಲಿ ದೇಹವೇ ಅದನ್ನು ಹೊರಹಾಕುತ್ತದೆ. ಕೆಲವರಲ್ಲಿ ಮಾತ್ರ ಉಳಿದು, ಒಳಗೇ ಕೂತು, ಜೀವಕೋಶಗಳನ್ನು ನಿಧಾನ ಬದಲಾಯಿಸುತ್ತದೆ. ಕ್ಯಾನ್ಸರ್ ಆಗುವವರೆಗೆ ಸಾಮಾನ್ಯವಾಗಿ 15ರಿಂದ 20 ವರ್ಷ ಹಿಡಿಯುತ್ತದೆ. ಎಚ್‌ಐವಿ ಇದ್ದು ಚಿಕಿತ್ಸೆ ಪಡೆಯದವರಲ್ಲಿ ಇನ್ನೂ ಬೇಗ.

ಇಲ್ಲಿ ಗಂಡುಮಕ್ಕಳಿಗೆ ಒಂದು ಮಾತು. ವರದಿಯಲ್ಲಿ ಎಚ್‌ಪಿವಿ ಇದೆ ಅಂತ ಬಂದರೆ ಅದು ಹೆಂಡತಿಯ ನಡತೆಯ ಸರ್ಟಿಫಿಕೇಟ್ ಅಲ್ಲ. ಎಷ್ಟೋ ವರ್ಷ ಸುಮ್ಮನಿದ್ದು ಆಮೇಲೆ ಕಾಣಿಸಿಕೊಳ್ಳೋ ವೈರಸ್ಸು ಇದು. ಯಾರಿಂದ, ಯಾವಾಗ ಬಂತು ಅಂತ ಯಾವ ಡಾಕ್ಟರೂ ಹೇಳಲಾರರು. ಈ ಒಂದು ಅನುಮಾನದ ಹೆದರಿಕೆಗೇ ನಮ್ಮ ಗ್ಯಾಂಗಿನ ಇಬ್ಬರು ಮೊದಲ ಸಲ ಬರಲಿಲ್ಲ.

ಲೆಕ್ಕ ಕೇಳಿ. 2022ರ ಅಂದಾಜಿನಂತೆ ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 1.27 ಲಕ್ಷ ಹೆಣ್ಣುಮಕ್ಕಳಲ್ಲಿ ಇದು ಹೊಸದಾಗಿ ಪತ್ತೆಯಾಗುತ್ತದೆ, ಸುಮಾರು 80 ಸಾವಿರ ಮಂದಿ ಸಾಯುತ್ತಾರೆ. ತಪಾಸಣೆ ಮಾಡಿಸಿಕೊಂಡವರು ಎಷ್ಟು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 1.9. ನೂರಕ್ಕೆ ಇಬ್ಬರೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2030ಕ್ಕೆ ಇಟ್ಟಿರುವ ಗುರಿ ನೂರಕ್ಕೆ 70.

ಹಳ್ಳಿಗಳಲ್ಲಿ ಇದೆಲ್ಲ ಸಾಧ್ಯವಾ ಅಂದರೆ, ಬೀದರ್-ಕಲಬುರಗಿ ಗಡಿಗೆ ಹತ್ತಿರದ ಉಸ್ಮಾನಾಬಾದ್, ಅಂದರೆ ಈಗಿನ ಧಾರಾಶಿವ ಜಿಲ್ಲೆಯ ಹಳ್ಳಿಗಳಲ್ಲೇ ಮಾಡಿ ತೋರಿಸಿದ್ದಾರೆ. 1.3 ಲಕ್ಷಕ್ಕೂ ಹೆಚ್ಚು ಹೆಂಗಸರನ್ನು ಎಂಟು ವರ್ಷ ಗಮನಿಸಿದ ಆ ಅಧ್ಯಯನದಲ್ಲಿ, ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆಯ ಸೌಲಭ್ಯ ಸಿಕ್ಕ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. 2009ರಲ್ಲಿ ಪ್ರಕಟವಾಯಿತು. ಮುಂಬೈಯ ಟಾಟಾ ಮೆಮೋರಿಯಲ್‌ನವರು ಇನ್ನೂ ಸರಳವಾದ ವಿಧಾನ ಹಿಡಿದರು: ವಿನೆಗರ್. ಕೊಳೆಗೇರಿಗಳಲ್ಲಿ ಡಾಕ್ಟರ್ ಅಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರೇ ಪರೀಕ್ಷೆ ಮಾಡಿದರು, ಎರಡು ವರ್ಷಕ್ಕೊಮ್ಮೆ. ಸಾವು ಶೇ. 31ರಷ್ಟು ಕಡಿಮೆ ಆಯಿತು.

ಆ ವಿನೆಗರ್ ಪರೀಕ್ಷೆಗೆ ವಿಐಎ ಅಂತಾರೆ. ನಮ್ಮ ಸರ್ಕಾರಿ ವ್ಯವಸ್ಥೆಯಲ್ಲಿ 30ರಿಂದ 65 ವಯಸ್ಸಿನವರಿಗೆ ಐದು ವರ್ಷಕ್ಕೊಮ್ಮೆ ಮಾಡಬೇಕು ಅಂತ ಇರೋದು ಇದನ್ನೇ, ಅದೂ ಪುಕ್ಕಟೆ.

ಬೇರೆಯವರಿಗೆ ಹೇಳುವ ಮೊದಲು ನಾನೇ ಮಾಡಿಸಿಕೊಂಡೆ. ಆಗ ನನಗೆ 34. ಹೆದರಿಕೆ ಇರಲಿಲ್ಲ ಅಂದರೆ ಸುಳ್ಳು. ತಾಲ್ಲೂಕು ಆಸ್ಪತ್ರೆಯಲ್ಲಿ ಪರದೆ ಎಳೆದ ಕೋಣೆ, ಒಬ್ಬರು ಡಾಕ್ಟರಮ್ಮ, ಒಬ್ಬರು ನರ್ಸ್. ಮಂಚದ ಮೇಲೆ ಮಲಗಿ ಕಾಲು ಮಡಚಬೇಕು. ಒಳಗೆ ಒಂದು ಸಲಕರಣೆ ಇಟ್ಟು ಬಾಯಿ ಅಗಲಿಸ್ತಾರೆ. ಆ ಕ್ಷಣ ಒತ್ತಿದ ಹಾಗೆ ಆಗುತ್ತದೆ, ತಣ್ಣಗೆ ಅನಿಸುತ್ತದೆ. ಉಸಿರು ಬಿಗಿಹಿಡಿದರೆ ಜಾಸ್ತಿ ತೊಂದರೆ, ಸಡಿಲ ಬಿಟ್ಟರೆ ಏನೂ ಇಲ್ಲ. ಹತ್ತಿಯಲ್ಲಿ ವಿನೆಗರಿನಂಥ ದ್ರಾವಣ ಅದ್ದಿ ಗರ್ಭಕಂಠಕ್ಕೆ ಹಚ್ಚಿ ಒಂದು ನಿಮಿಷ ಕಾಯ್ತಾರೆ. ಸ್ವಲ್ಪ ಉರಿ. ಕೆಟ್ಟ ಜೀವಕೋಶ ಇದ್ದರೆ ಆ ಜಾಗ ಬೆಳ್ಳಗೆ ತಿರುಗುತ್ತದೆ, ಬರಿಗಣ್ಣಿಗೇ ಕಾಣುತ್ತದೆ. ಅಷ್ಟೇ. ಸೂಜಿ ಇಲ್ಲ, ಕೊಯ್ಯೋದಿಲ್ಲ. ಐದ್ಹತ್ತು ನಿಮಿಷದಲ್ಲಿ ಎದ್ದು ಬಂದೆ, ಫಲಿತಾಂಶ ಅಲ್ಲೇ ಹೇಳಿದರು. ಮಧ್ಯಾಹ್ನ ಹೊಲದಲ್ಲಿದ್ದೆ.

ಸಂಜೆ ಗ್ಯಾಂಗಿನವರಿಗೆ ಇದೇ ಮಾತನ್ನು, ಏನೂ ಮುಚ್ಚಿಡದೆ, ಹೇಳಿದೆ. ಪೋಸ್ಟರು, ಭಾಷಣಕ್ಕಿಂತ ಅದು ಕೆಲಸ ಮಾಡಿತು. ಆದರೂ ಎಷ್ಟು ಅಡ್ಡಿಗಳು! "ನಮಗ ಏನೂ ಆಗಿಲ್ಲಲ್ಲ, ಯಾಕ ಹೋಗಬೇಕು?" ಅಂತ ಒಬ್ಬಳು. "ಗಂಡಸ ಡಾಕ್ಟರ್ ಇದ್ರ ನಾ ಒಲ್ಲೆ" ಅಂತ ಇನ್ನೊಬ್ಬಳು. "ಏನರ ಐತಿ ಅಂದ್ರ ಮಕ್ಕಳನ್ನ ಯಾರು ನೋಡ್ತಾರ?" ಅಂತ ಮತ್ತೊಬ್ಬಳು. ಎಲ್ಲಕ್ಕಿಂತ ದೊಡ್ಡ ಅಡ್ಡಿ ಯಾರೂ ಬಾಯಿಬಿಟ್ಟು ಹೇಳದ್ದು: ಪಗಾರ. ಆಸ್ಪತ್ರೆಗೆ ಹೋದ ದಿನ ಕೂಲಿ ಇಲ್ಲ. ದೊಡ್ಡವ್ವನ ಅರ್ಧ ದಿನ ನೆನಪಾಗಿ ತಲೆ ತಗ್ಗಿಸಿದೆ.

ಕೊನೆಗೆ ಹೀಗೆ ಮಾಡಿದ್ವಿ. ಮೆಣಸಿನಕಾಯಿ ಕೆಲಸ ಮುಗಿದು, ಮುಂಗಾರು ಬಿತ್ತನೆಗೆ ಮೊದಲು ಒಂದು ಬಿಡುವು ಸಿಗುತ್ತದಲ್ಲ, ಆ ಏಪ್ರಿಲ್ ತಿಂಗಳು ಆರಿಸಿದೆ. ಆಶಾ ಅಕ್ಕನಿಗೆ ಮೊದಲೇ ಫೋನ್ ಮಾಡಿ, ಡಾಕ್ಟರಮ್ಮ ಯಾವ ವಾರ ಇರ್ತಾರೆ ಅಂತ ಕೇಳಿಕೊಂಡೆ. ಮೊದಲೇ ಕೇಳದೆ ಹೋಗಿ ವಾಪಸ್ ಬಂದರೆ ಎರಡನೇ ಸಲ ಯಾರೂ ಹೊರಡೋದಿಲ್ಲ, ಇದನ್ನು ನೆನಪಿಡಿ. ಮುಟ್ಟಿನ ದಿನ ಪರೀಕ್ಷೆ ಆಗೋದಿಲ್ಲ, ಹಾಗಾಗಿ ಒಂದೇ ದಿನ ಇಡದೆ ಹದಿನೈದು ದಿನ ಬಿಟ್ಟು ಎರಡು ದಿನ ಇಟ್ಟೆ. ಟಂಟಂ ಬಾಡಿಗೆ ನನ್ನದು, ಆ ದಿನದ ಪೂರ್ತಿ ಪಗಾರವೂ ನನ್ನದು. ಒಂಬತ್ತು ಮಂದಿ ಬಂದರು. ಒಟ್ಟು ಖರ್ಚು ಒಂದು ಸ್ಪ್ರೇ ರೌಂಡಿಗಿಂತ ಹೆಚ್ಚಾಗಲಿಲ್ಲ.

ಟಂಟಂ ಓಡಿಸೋ ಹುಡುಗ "ಯಾವ ಜಾತ್ರಿಗೆ ಹೊಂಟೀರಿ ಎಲ್ಲಾರೂ?" ಅಂದ. "ನಿಮ್ಮವ್ವನ್ನೂ ಹತ್ತಿಸು, ಆಮ್ಯಾಲೆ ಹೇಳ್ತೀವಿ" ಅಂದರು ಹಿಂದಿನಿಂದ. ಎರಡನೇ ಟ್ರಿಪ್ಪಿಗೆ ಅವನ ತಾಯಿ ನಿಜವಾಗಿಯೂ ಬಂದರು.

ಒಂಬತ್ತರಲ್ಲಿ ಒಬ್ಬಳಿಗೆ ಬಿಳಿ ಕಲೆ ಕಾಣಿಸಿತು. ದೊಡ್ಡವ್ವನ ಸೊಸೆ, 36 ವರ್ಷ. ಮುಖ ಸುಣ್ಣ ಬಳಿದ ಹಾಗಾಯಿತು. ಬಿಳಿ ಕಲೆ ಅಂದರೆ ಕ್ಯಾನ್ಸರ್ ಅಂತಲ್ಲ ಅಂತ ಡಾಕ್ಟರಮ್ಮ ಎರಡೆರಡು ಸಲ ಹೇಳಿದರು. ಬರೀ ಸೋಂಕು, ಉರಿಯೂತ ಇದ್ದರೂ ಹಾಗೆ ಕಾಣಬಹುದು. ಆದರೂ ಅವಳಿಗೆ ಅತ್ತೆಯೇ ಕಣ್ಮುಂದೆ. ಜಿಲ್ಲಾ ಆಸ್ಪತ್ರೆಗೆ ನಾನೇ ಜೊತೆಗೆ ಹೋದೆ. ದುರ್ಬೀನಿನಂಥ ಯಂತ್ರದಲ್ಲಿ ಹಿಗ್ಗಿಸಿ ನೋಡಿ, ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಅಲ್ಲ, ಅದಕ್ಕೆ ಮುಂಚಿನ ಹಂತ. ಬಿಸಿ ಮಾಡಿದ ಸಣ್ಣ ಉಪಕರಣದಿಂದ ಆ ಜಾಗವನ್ನು ಸುಟ್ಟು ತೆಗೆದರು. ಕೆಲವೇ ನಿಮಿಷದ ಕೆಲಸ, ಅಡ್ಮಿಟ್ ಆಗೋದು ಬೇಡ. ಒಂದಷ್ಟು ದಿನ ನೀರು ನೀರಾಗಿ ಹೋಗುತ್ತದೆ, ಗಂಡ-ಹೆಂಡತಿ ಒಂದು ತಿಂಗಳು ದೂರ ಇರಬೇಕು, ಒಂದು ವರ್ಷಕ್ಕೆ ಮತ್ತೆ ತೋರಿಸಬೇಕು ಅಂದರು. ಅವಳ ಗಂಡ, ಅಂದರೆ ದೊಡ್ಡವ್ವನ ಮಗ, ಬಾಗಿಲ ಹೊರಗೆ ಕೂತು ಅಳುತ್ತಿದ್ದ. ವರ್ಷದ ತಪಾಸಣೆ ಆಯಿತು, ಏನೂ ಇಲ್ಲ.

ಇನ್ನು ಕೆಲವು ವಿಷಯ ಬಿಡಿಬಿಡಿಯಾಗಿ ಹೇಳಿಬಿಡ್ತೀನಿ. ತಪಾಸಣೆ ಇರೋದು ಏನೂ ತೊಂದರೆ ಇಲ್ಲದವರಿಗೆ. ಸಂಪರ್ಕದ ನಂತರ ರಕ್ತ, ಎರಡು ಮುಟ್ಟಿನ ನಡುವೆ ರಕ್ತ, ಮುಟ್ಟು ನಿಂತಮೇಲೆ ಒಂದು ಹನಿ ರಕ್ತ, ವಾಸನೆ ಬರುವ ಬಿಳಿಮುಟ್ಟು, ಇವುಗಳಲ್ಲಿ ಯಾವುದೇ ಇದ್ದರೂ ಕ್ಯಾಂಪಿಗೆ ಕಾಯಬೇಡಿ, ಸೀದಾ ಆಸ್ಪತ್ರೆಗೆ ಹೋಗಿ. ಮುಟ್ಟು ನಿಂತವರಲ್ಲಿ ವಿನೆಗರ್ ಪರೀಕ್ಷೆ ಅಷ್ಟು ಚೆನ್ನಾಗಿ ಕೆಲಸ ಮಾಡೋದಿಲ್ಲ, ನೋಡಬೇಕಾದ ಜಾಗ ಒಳಗೆ ಸರಿದಿರುತ್ತದೆ. ನಿಮ್ಮ ಅವ್ವನ ವಯಸ್ಸಿನವರಿಗೆ ಪ್ಯಾಪ್ ಅಥವಾ ಎಚ್‌ಪಿವಿ ಪರೀಕ್ಷೆ ಆಗುತ್ತದಾ ಅಂತ ಕೇಳಿ. ಎಚ್‌ಪಿವಿ ಪರೀಕ್ಷೆಗೆ ಮಾದರಿಯನ್ನು ಹೆಂಗಸರು ತಾವೇ ತೆಗೆದುಕೊಡಬಹುದು, ಬೇರೆಯವರು ನೋಡೋದೇ ಬೇಡ. ಖಾಸಗಿ ಲ್ಯಾಬಿನಲ್ಲಿ ಇದಕ್ಕೆ ದುಡ್ಡು ಆಗುತ್ತದೆ. ಮಗಳಿಗೆ 9ರಿಂದ 14 ವರ್ಷದೊಳಗೆ ಎಚ್‌ಪಿವಿ ಲಸಿಕೆ ಹಾಕಿಸಿ. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟಿನ ಸರ್ವಾವ್ಯಾಕ್ 2023ರಿಂದ ನಮ್ಮ ದೇಶದಲ್ಲೇ ಸಿಗುತ್ತಿದೆ. ಲಸಿಕೆ ಹಾಕಿಸಿಕೊಂಡವಳೂ ಮೂವತ್ತಾದ ಮೇಲೆ ತಪಾಸಣೆ ಮಾಡಿಸಬೇಕು.

ಅಕಸ್ಮಾತ್ ಕ್ಯಾನ್ಸರ್ ಅಂತಲೇ ಬಂದರೆ ಹೊಲ ಮಾರೋ ಯೋಚನೆಗೆ ಹೋಗಬೇಡಿ. ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಮೊದಲು ಕೇಳಿ ಇಟ್ಟುಕೊಳ್ಳಿ. ಬೆಂಗಳೂರಿನ ಕಿದ್ವಾಯಿಗೂ, ಕಲಬುರಗಿಯಲ್ಲಿರುವ ಅದರ ಕೇಂದ್ರಕ್ಕೂ ಜನ ಹೋಗಿ ಬರುತ್ತಾರೆ. ಮೊದಲ ಹಂತದಲ್ಲಿ ಸಿಕ್ಕರೆ ಹೆಚ್ಚಿನವರು ಗುಣವಾಗುತ್ತಾರೆ.

ನಿಮ್ಮ ಕೈಯಲ್ಲಿ ಫೋನ್ ಇದೆ. ಆಶಾ ಅಕ್ಕನ ನಂಬರ್ ಗೊತ್ತಿಲ್ಲದಿದ್ದರೆ ಇವತ್ತು ತಗೊಳ್ಳಿ. ಅವ್ವ, ಅಕ್ಕ, ಅತ್ತಿಗೆ, ಹೆಂಡತಿ, ನಿಮ್ಮ ಹೊಲಕ್ಕೆ ಬರುವ ಹೆಣ್ಣಾಳುಗಳು, ಮೂವತ್ತು ದಾಟಿದವರು ಎಷ್ಟು ಮಂದಿ ಎಣಿಸಿ. ಎದುರಿಗೆ ಹೇಳೋಕೆ ನಾಚಿಕೆ ಆದರೆ ಈ ಲೇಖನವನ್ನು ಮನೆಯ ಗ್ರೂಪಿಗೆ ಹಾಕಿ ಸುಮ್ಮನಿರಿ, ಮಾತು ತಾನೇ ಶುರುವಾಗುತ್ತದೆ. ಪರೀಕ್ಷೆ ಆದಮೇಲೆ ಕ್ಯಾಲೆಂಡರಿನಲ್ಲಿ ಐದು ವರ್ಷದ ನಂತರದ ತಾರೀಖಿಗೆ ರಿಮೈಂಡರ್ ಇಡಿ. ನನ್ನ ಫೋನಿನಲ್ಲಿ ಹತ್ತು ಹೆಸರಿವೆ, ಸೊಸೆಯದು ಮಾತ್ರ ಬೇರೆ ತಾರೀಖು.

ಗ್ಯಾಂಗನ್ನು ಈಗ ನಡೆಸುತ್ತಿರೋದು ಆ ಸೊಸೆಯೇ. ಮೊದಲ ಸಲ ಬಾರದ ಮೂವರನ್ನು ಹೊರಡಿಸುವ ಕೆಲಸವನ್ನೂ ಅವಳೇ ವಹಿಸಿಕೊಂಡಿದ್ದಾಳೆ. ಇಬ್ಬರು ಒಪ್ಪಿದ್ದಾರೆ. ಒಬ್ಬಳು ಇನ್ನೂ "ನೋಡೂಣು" ಅಂತಿದ್ದಾಳೆ. ಬರುವ ಬುಧವಾರ ಬೆಳಿಗ್ಗೆ ಎಂಟಕ್ಕೆ ಟಂಟಂ ಹೇಳಿದ್ದೀವಿ, ಅವಳಿಗೂ ಒಂದು ಸೀಟು ಬಿಟ್ಟು.