ಡಿಜೆ ಅಂದರೆ ಪೆಟ್ಟಿಗೆಯೋ, ಮನುಷ್ಯನೋ?

ಗಣಪತಿ ಬಿಡುವ ಕಾಲ ಬಂತೆಂದರೆ ಊರೂರಿನ ಪೆಂಡಾಲ್ ಕಮಿಟಿಗಳಲ್ಲಿ ಇದೇ ಜಗಳ. ಹಿರಿಯರಿಗೆ ರಸಮಂಜರಿ ಬೇಕು, ಹುಡುಗರಿಗೆ ಡಿಜೆ ಬೇಕು. ಚಂದಾ ಕೊಡುವ ಅಂಗಡಿಯವರನ್ನು ಮಾತ್ರ ಯಾರೂ ಕೇಳೋದಿಲ್ಲ!

ಬಹಳ ಕಡೆ ಗೆಲ್ಲುವುದು ಡಿಜೆ. ಕಾರಣ, ದುಡ್ಡಿನ ಲೆಕ್ಕ. ರಸಮಂಜರಿ ಎಂದರೆ ಗಾಯಕರು, ಕೀಬೋರ್ಡಿನವ, ರಿದಂ ಪ್ಯಾಡಿನವ, ತಬಲಾದವ. ಅಷ್ಟೂ ಮಂದಿಗೆ ಊಟ, ಬಸ್ ಚಾರ್ಜು, ಸಂಭಾವನೆ ಕೊಡಬೇಕು. ಡಿಜೆಗಾದರೋ ಒಂದು ಲಾರಿ, ಒಂದು ಜನರೇಟರ್, ಒಬ್ಬ ಆಸಾಮಿ ಸಾಕು.

‘ಮಷೀನು ಬಂದು ಹೊಟ್ಟೆ ಮೇಲೆ ಹೊಡೀತು’ ಎನ್ನುವುದು ವಾದ್ಯಗೋಷ್ಠಿಯವರ ಗೋಳು. ಗೋಳು ನಿಜ, ದೂರು ಅರ್ಧ ಸುಳ್ಳು. ಅವರ ವೇದಿಕೆಗೇ ಮಷೀನು ಬಂದು ದಶಕಗಳಾದವು. ಜಪಾನಿನ ರೋಲೆಂಡ್ ಕಂಪನಿ 1985ರಲ್ಲಿ ಎಂಟು ರಬ್ಬರ್ ಹಲಗೆಯ ಆಕ್ಟೊಪ್ಯಾಡ್ ತಂದಿತು. ಆ ಹೆಸರು ನಮ್ಮಲ್ಲಿ ಎಲ್ಲ ರಿದಂ ಪ್ಯಾಡಿಗೂ ಅಂಟಿಕೊಂಡಿತು. ಅದಕ್ಕೂ ಮೊದಲೇ, 1982ರಲ್ಲಿ, ಮುಂಬಯಿಯ ಸಿನಿಮಾ ವಾದ್ಯಗಾರ ಚರಣ್‌ಜಿತ್ ಸಿಂಗ್ ಬರೀ ಎಲೆಕ್ಟ್ರಾನಿಕ್ ಯಂತ್ರಗಳಲ್ಲಿ ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ನುಡಿಸಿ ರೆಕಾರ್ಡ್ ತಂದಿದ್ದರು. ಆಗ ಕೇಳುವವರೇ ಕಡಿಮೆ. 2010ರಲ್ಲಿ ಅದು ವಿದೇಶದಲ್ಲಿ ಮತ್ತೆ ಅಚ್ಚಾದ ಮೇಲೆ ಮುದುಕಪ್ಪನಿಗೆ ಯುರೋಪಿನ ವೇದಿಕೆಗಳಿಂದ ಕರೆ ಬಂತು! 2015ರಲ್ಲಿ ತೀರಿಕೊಂಡರು. ಯಂತ್ರ ಜಪಾನಿನದು, ರಾಗ ಏರಿಸಿ ಇಳಿಸಿದ ಬೆರಳು ಅವರದು.

ಹಾಗಂತ ಡಿಜೆಗೆ ಕಸುಬೇ ಇಲ್ಲವೆನ್ನಬೇಡಿ. ನ್ಯೂಯಾರ್ಕಿನ ಬ್ರಾಂಕ್ಸ್ ಬಡಾವಣೆಯಲ್ಲಿ 1973ರಲ್ಲಿ ಕುಣಿತದ ಪಾರ್ಟಿ ಶುರುಮಾಡಿದ ಕೂಲ್ ಹರ್ಕ್ ಎಂಬಾತ ಒಂದೇ ಹಾಡಿನ ಎರಡು ಪ್ಲೇಟುಗಳನ್ನು ಎರಡು ಯಂತ್ರದ ಮೇಲಿಟ್ಟ. ಬರೀ ತಾಳದ ತುಣುಕು ಒಂದರಲ್ಲಿ ಮುಗಿಯುತ್ತಿದ್ದಂತೆ ಇನ್ನೊಂದರಲ್ಲಿ ಶುರು. ಜನ ಕುಣಿಯುವಷ್ಟು ಹೊತ್ತೂ ಅದೇ ತುಣುಕು ಹಿಗ್ಗಬೇಕು. ಇದಕ್ಕೆ ಕಿವಿ ಬೇಕು, ಕೈಚಳಕ ಬೇಕು, ಎದುರಿನ ಜನರ ಮೇಲೆ ಕಣ್ಣು ಬೇಕು. ಡಿಜೆ ಅಂದರೆ ಆ ಮನುಷ್ಯ ಸ್ವಾಮಿ! ನಮ್ಮೂರುಗಳಲ್ಲಿ ಡಿಜೆ ಅಂದರೆ ಲಾರಿ ಮೇಲಿನ ಪೆಟ್ಟಿಗೆ ಎಂದಾಗಿಬಿಟ್ಟಿದೆ. ಅದು ಎದೆ ನಡುಗಿಸುತ್ತೆ, ಅಂಗಡಿಯ ಶಟರ್ ಅದುರಿಸುತ್ತೆ. ಹಾಡು ಹಾಕಿದವನ ಮುಖ ನೋಡಿದವರುಂಟೇ?

ಕಾನೂನಿಗೆ ಇಬ್ಬರೂ ಒಂದೇ. 2000ರ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಕೂಡದು. ಹಬ್ಬದ ಕೆಲವು ದಿನ ಸರ್ಕಾರ ರಾತ್ರಿ 12ರವರೆಗೆ ಸಡಿಲಿಸಬಹುದು, ಅದೂ ವರ್ಷಕ್ಕೆ 15 ದಿನ ಮೀರದಂತೆ. ಅಂಗಡಿಬೀದಿಗೆ ಹಗಲಿನ ಮಿತಿ 65 ಡೆಸಿಬೆಲ್. ಅಳೆಯುವವರು ಯಾರೋ!

ಇದರ ನಡುವೆ ಇನ್ನೊಂದು ಮೋಸ ನುಸುಳಿದೆ. ‘ಲೈವ್’ ಎಂದು ಬ್ಯಾನರ್ ಕಟ್ಟಿ, ಪಕ್ಕವಾದ್ಯವನ್ನು ಪೆನ್‌ಡ್ರೈವ್‌ನಿಂದ ಬಿಡುವ ರಸಮಂಜರಿಗಳೂ ಇವೆ. ಕೀಬೋರ್ಡಿನವ ಸುಮ್ಮನೆ ಬೆರಳಾಡಿಸುತ್ತಾನೆ. ಲೈವ್ ರೇಟು ಕೇಳಿ ಟ್ರ್ಯಾಕ್ ಹಾಕಿದರೆ ಆತನಿಗೂ ಡಿಜೆಗೂ ಏನು ವ್ಯತ್ಯಾಸ? ಕಮಿಟಿಯವರು ಅಡ್ವಾನ್ಸ್ ಕೊಡುವ ಮೊದಲು ಒಂದು ಹಾಡು ಹಾಡಿಸಲಿ, ‘ಪಲ್ಲವಿ ಇನ್ನೊಮ್ಮೆ’ ಅಂತ ಮಧ್ಯದಲ್ಲೇ ಕೂಗಲಿ. ನುಡಿಸುವವರಾದರೆ ವಾದ್ಯವೂ ಪಲ್ಲವಿಗೆ ತಿರುಗುತ್ತದೆ. ಟ್ರ್ಯಾಕ್ ಆದರೆ ಗಾಯಕ ಪಲ್ಲವಿಯಲ್ಲಿರುತ್ತಾನೆ, ಸಂಗೀತ ಚರಣಕ್ಕೆ ಹೋಗಿರುತ್ತೆ.