ಎರಡು ಮುಧೋಳ

ಕನ್ನಡದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದವಿಲ್ಲ. ಹಾಗಾಗಿ ಫೈಲಿನ ಹೆಸರಿನಲ್ಲಿ ಅಕ್ಷರಭೇದದ ತಕರಾರು ಇಂಗ್ಲಿಷಿನವರದ್ದು, ನಮಗೇನು ಎನ್ನುವವರು ಜಮಖಂಡಿ ಸೀಮೆಯ ಊರುಗಳ ಹೆಸರನ್ನೊಮ್ಮೆ ಕಂಪ್ಯೂಟರಿನಲ್ಲಿ ಬರೆದು ನೋಡಬೇಕು.

ತಕರಾರು ಹಳೆಯದು. 1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಕಟ್ಟತೊಡಗಿದ ಕಾರ್ಯಾಚರಣೆ ವ್ಯವಸ್ಥೆ ಯುನಿಕ್ಸ್‌ಗೆ ಹೆಸರೆಂದರೆ ಬರೀ ಬೈಟುಗಳ ಸಾಲು. ದೊಡ್ಡ ‘ಎಂ’ ಬೇರೆ, ಚಿಕ್ಕ ‘ಎಂ’ ಬೇರೆ. ಗ್ಯಾರಿ ಕಿಲ್ಡಾಲ್ ಬರೆದ ಸಿಪಿ/ಎಂ ಏನು ಒತ್ತಿದರೂ ದೊಡ್ಡಕ್ಷರಕ್ಕೆ ತಿರುಗಿಸಿಕೊಳ್ಳುತ್ತಿತ್ತು. 1981ರ ಡಾಸ್ ಅದೇ ಜಾಡು ಹಿಡಿಯಿತು. ವಿಂಡೋಸ್ 95 ಹೆಸರನ್ನು ಬರೆದಂತೆ ಉಳಿಸಿತು, ಹುಡುಕುವಾಗ ಮಾತ್ರ ಭೇದ ಎಣಿಸಲಿಲ್ಲ. ವಿಂಡೋಸಿನಲ್ಲಿ ಸಲೀಸಾಗಿ ಓಡುವ ವೆಬ್‌ಸೈಟಿನ ಚಿತ್ರಗಳು ಯುನಿಕ್ಸ್ ಜಾಡಿನ ಲಿನಕ್ಸ್ ಸರ್ವರಿಗೆ ಏರಿಸಿದೊಡನೆ ಮಾಯವಾಗುವುದು ಎಷ್ಟೋ ಸಲ ಇದರಿಂದಲೇ.

ನಮ್ಮ ಸರದಿ ಬಂದದ್ದು 1998ರಲ್ಲಿ, ಆಪಲ್‌ನ ಎಚ್‌ಎಫ್‌ಎಸ್ ಪ್ಲಸ್ ಎಂಬ ಮ್ಯಾಕಿನ ಫೈಲ್ ವ್ಯವಸ್ಥೆಯ ಜೊತೆ. ಅದು ಯುನಿಕೋಡ್ ಹೆಸರುಗಳನ್ನು ಬಿಡಿಸಿ ಇಡುತ್ತಿತ್ತು. ಮುಧೋಳದ ‘ಧೋ’ ತೆಗೆದುಕೊಳ್ಳಿ. ನಾವು ಒತ್ತುವ ಓಕಾರದ ಚಿಹ್ನೆ ಸಾಮಾನ್ಯವಾಗಿ ಒಂದೇ ಸಂಕೇತ. ಮ್ಯಾಕ್ ಅದನ್ನು ಎಕಾರ, ಊಕಾರ, ದೀರ್ಘದ ಗುರುತು ಎಂದು ಮೂರಾಗಿ ಒಡೆಯುತ್ತಿತ್ತು. 15 ಬೈಟಿನ ಮುಧೋಳ 21 ಬೈಟಾಯಿತು. ಬೀಳಗಿಯ ‘ಬೀ’ಗೂ ಅದೇ ಗತಿ: 15 ಹೋಗಿ 18. ಜಮಖಂಡಿ, ರಬಕವಿ, ಬನಹಟ್ಟಿಗಳಲ್ಲಿ ಒಡೆಯುವಂಥ ಸ್ವರಚಿಹ್ನೆಯೇ ಇಲ್ಲ, ಬಚಾವು. ಮ್ಯಾಕಿನದೂ ವಿಂಡೋಸಿನದೂ ಲಿನಕ್ಸಿಗೆ ಬಂದು ಸೇರಿದರೆ ಒಂದೇ ಫೋಲ್ಡರಿನಲ್ಲಿ ಎರಡು ಮುಧೋಳ. ಆ ಊರಿನ ಕವಿ ರನ್ನನೇ ಬಂದರೂ ಕಣ್ಣಳತೆಯಲ್ಲಿ ಬೇರೆ ಮಾಡಲಾರ.

ಒಡೆದದ್ದನ್ನು ಮತ್ತೆ ಕೂಡಿಸುವ ಸವಲತ್ತು, ಪ್ರೋಗ್ರಾಮರುಗಳು ಕೋಡಿನ ಆವೃತ್ತಿಗಳನ್ನು ಕಾಪಿಡುವ ಸಾಧನವಾದ ಗಿಟ್‌ಗೆ 2012ರಲ್ಲಿ ಬಂತು. 2014ರ ಡಿಸೆಂಬರಿನಲ್ಲಿ ಅದೇ ಗಿಟ್‌ನಲ್ಲಿ ದೊಡ್ಡ ತೂತು ಸಿಕ್ಕಿತು: ಗಿಟ್ ತನಗೆಂದೇ ಕಾದಿಟ್ಟ ಫೋಲ್ಡರಿನ ಹೆಸರನ್ನು ದೊಡ್ಡಕ್ಷರದಲ್ಲಿ ಬರೆದರೆ ಗಿಟ್‌ಗೆ ಅದು ಬೇರೆ, ವಿಂಡೋಸಿಗೂ ಮ್ಯಾಕಿಗೂ ಅದೇ. ಆ ಸಂದಿಯಲ್ಲಿ ಕೇಡಿನ ಆಜ್ಞೆ ನುಗ್ಗಿಸಬಹುದಿತ್ತು. ಮ್ಯಾಕಿನಲ್ಲಿ ಹೆಸರಿನ ನಡುವೆ ಕಣ್ಣಿಗೆ ಕಾಣದ ಅಕ್ಷರ ತುರುಕಿದರೂ ಸಾಕಿತ್ತು. ಅಂಥವುಗಳಲ್ಲೊಂದು, ‘ಸಾಫ್ಟ್‌ವೇರ್’ ಎಂದು ಬರೆಯುವಾಗ ‘ವೇ’ ಒತ್ತಾಗದಂತೆ ನಾವು ದಿನವೂ ಹಾಕುವ ಅದೇ ಅಡ್ಡಗೋಡೆ. ಮ್ಯಾಕ್ ಅದನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಕನ್ನಡದಲ್ಲಿ ಅದಿಲ್ಲದೆ ಪದದ ರೂಪವೇ ಕೆಡುತ್ತದೆ.

ಪ್ರೋಗ್ರಾಮರುಗಳು ಹೋಲಿಸುವ ಮುನ್ನ ಎರಡೂ ಹೆಸರನ್ನು ಒಂದೇ ರೂಪಕ್ಕೆ ತಂದುಕೊಂಡರೆ ಅರ್ಧ ಗೋಳು ತಪ್ಪುತ್ತದೆ. ಇಂಗ್ಲಿಷಿನಲ್ಲಷ್ಟೇ ಪರೀಕ್ಷೆ ಮಾಡುವವರಿಗೆ ಅದು ಹೊಳೆಯುವುದಿಲ್ಲ. 2017ರ ಆಪಲ್‌ನ ಹೊಸ ಫೈಲ್ ವ್ಯವಸ್ಥೆ ಹೆಸರನ್ನು ಬರೆದಂತೆಯೇ ಇಟ್ಟು, ಹೋಲಿಸುವಾಗ ಮಾತ್ರ ಒಂದಾಗಿ ಕಾಣುತ್ತದೆ. 2019ರಲ್ಲಿ ಲಿನಕ್ಸ್ 5.2 ಕೂಡ ತನ್ನ ಫೈಲ್ ವ್ಯವಸ್ಥೆ ಎಕ್ಸ್ಟ್4ರಲ್ಲಿ ಅಂಥ ಸೌಲಭ್ಯ ತಂದಿತು. ಅಲ್ಲಿ ಎರಡು ಮುಧೋಳಗಳು ಒಂದೇ. ಆದರೆ ಆ ಸೌಲಭ್ಯವನ್ನು ಫೋಲ್ಡರ್ ಖಾಲಿ ಇರುವಾಗಲೇ, ಕೇಳಿ ಹಾಕಿಸಿಕೊಳ್ಳಬೇಕು.