ಕುದುರೆ ಕಣ್ಣಿನ ಬಸಿಗಾಲುವೆ

ನವಲಿ ಅಂದ ಕೂಡಲೇ ನಮ್ಮ ಸಿವಿಲ್ ವಿಭಾಗದವರಿಗೆ ನೆನಪಾಗೋದು ಸಮಾನಾಂತರ ಜಲಾಶಯ. 133 ಟಿಎಂಸಿ ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯದಲ್ಲಿ ಹೂಳು ತುಂಬಿ ಈಗ ಸುಮಾರು 105 ಟಿಎಂಸಿ ಮಾತ್ರ ನಿಲ್ಲುತ್ತೆ. ಆ ಕೊರತೆ ನೀಗಿಸಲು ಇಲ್ಲೊಂದು ಜಲಾಶಯ ಕಟ್ಟಬೇಕು ಅನ್ನೋದು ಪ್ರಸ್ತಾವ. ಆದರೆ ಈ ಸಲ ನಾವು ಹೇಳಹೊರಟಿರೋದು ಬಹಳ ಚಿಕ್ಕದೊಂದು ಜಲಾಶಯದ ಕಥೆ. ನಮ್ಮ ಭಾಗದಲ್ಲಿ ಕುರಿಗಾರರು ಹಿಂಡು ಹೊಡೆದುಕೊಂಡು ಊರೂರು ಅಲೆಯುವಾಗ ಸಾಮಾನು ಹೊರೋಕೆ ಕುದುರೆ ಇರುತ್ತಲ್ಲ, ಅದರ ಕಣ್ಣು. ಆ ಕಣ್ಣು ಮಸುಕಾದರೆ "ಹೂ ಬಿದ್ದೈತಿ" ಅಂತ ಸುಮ್ಮನಾಗಿಬಿಡೋದುಂಟು. ಆ ಹೂವಿನ ಹಿಂದೆ ಎಷ್ಟೋ ಸಲ ನೀರಿನ ಲೆಕ್ಕ ತಪ್ಪಿರುತ್ತೆ.

ಮೊದಲು ಒಂದು ಗೊಂದಲ ಬಿಡಿಸೋಣ. ಕಣ್ಣೀರು ಬೇರೆ, ಕಣ್ಣೊಳಗಿನ ನೀರು ಬೇರೆ. ಕಣ್ಣೀರು ಸಣ್ಣ ನಾಳದಲ್ಲಿ ಇಳಿದು ಮೂಗಿಗೆ ಹೋಗುತ್ತೆ. ಕುದುರೆಯ ಮೂಗಿನ ಹೊಳ್ಳೆ ಅಗಲಿಸಿ ನೋಡಿದರೆ ಆ ನಾಳದ ತೂತು ಬರಿಗಣ್ಣಿಗೇ ಕಾಣುತ್ತೆ. ಒಳಗಿನ ನೀರನ್ನು ತಯಾರಿಸೋದು ಪಾಪೆಯ ಪರದೆಯ ಹಿಂದಿರುವ ಸಿಲಿಯರಿ ಅಂಗ. ಅದು ಪಾಪೆಯ ಮೂಲಕ ಮುಂದಿನ ಕೋಣೆಗೆ ಬಂದು, ರಕ್ತನಾಳಗಳಿಲ್ಲದ ಮಸೂರಕ್ಕೂ ಕಾರ್ನಿಯಾಗೂ ಆಹಾರ ಒದಗಿಸಿ, ಹೊರಗೆ ಹೋಗಬೇಕು.

ಹೊರದಾರಿ ಎರಡು. ಕಾರ್ನಿಯಾ ಮತ್ತು ಐರಿಸ್ ಕೂಡುವ ಮೂಲೆಯಲ್ಲಿ ಬಾಚಣಿಕೆ ಹಲ್ಲಿನಂಥ ಎಳೆಗಳಿವೆ. ಅದರಾಚೆ ಸ್ಪಂಜಿನಂಥ ಜಾಲರಿ, ಆಮೇಲೆ ರಕ್ತನಾಳಗಳು. ಇದು ತೂಬು. ಮನುಷ್ಯರಲ್ಲಿ ಈ ಮೂಲೆ ನೋಡಲು ವಿಶೇಷ ಲೆನ್ಸ್ ಬೇಕು. ಕುದುರೆಯಲ್ಲಿ ಕಣ್ಣಿನ ಎರಡೂ ಬದಿಯ ಅಂಚಿನಲ್ಲಿ ಹಾಗೆಯೇ ಕಾಣುತ್ತೆ. ಎರಡನೆಯದು ಬಸಿಯುವ ದಾರಿ: ಸಿಲಿಯರಿ ಸ್ನಾಯುವಿನ ಸಂದುಗಳಲ್ಲಿ ನುಸುಳಿ ಕಣ್ಣಿನ ಗೋಡೆಯ ಪದರಗಳತ್ತ ಹೋಗೋದು. ಗಂಗಾವತಿ ಕಡೆ ಗದ್ದೆ ನೀರು ಬಸಿಗಾಲುವೆಯಲ್ಲೂ ಹೋಗುತ್ತೆ, ಮಣ್ಣೊಳಗೂ ಇಳಿಯುತ್ತೆ, ಹಾಗೆಯೇ. ಕುದುರೆಯಲ್ಲಿ ಈ ಎರಡನೇ ದಾರಿ ಚೆನ್ನಾಗಿ ಬೆಳೆದಿದೆ.

ನಮ್ಮ ಭಾಷೆಯಲ್ಲಿ ಬರೆದರೆ:

ಕಣ್ಣಿನ ಒತ್ತಡ = (ಒಳಹರಿವು − ಬಸಿದದ್ದು) ÷ ತೂಬಿನ ಸಲೀಸು + ರಕ್ತನಾಳದ ಒತ್ತಡ

ಕುದುರೆಗೆ ಇದು ಸುಮಾರು 15ರಿಂದ 30 ಮಿಲಿಮೀಟರ್ ಪಾದರಸ. ತಲೆ ಹೃದಯಕ್ಕಿಂತ ಕೆಳಗೆ ಬಾಗಿದರೆ ಇದು ಏರುತ್ತೆ. ಅದಕ್ಕೇ ಅಳೆಯುವಾಗ ತಲೆ ಎತ್ತಿ ಹಿಡಿಸ್ತಾರೆ. ಫ್ಲೂಯಿಡ್ ಮೆಕ್ಯಾನಿಕ್ಸ್ ಕ್ಲಾಸಲ್ಲಿ ಓದಿದ್ದು ಇಲ್ಲೂ ಬಿಡಲ್ಲ!

ತೂಬು ಕಟ್ಟೋದು ಹೇಗೆ? ಕುದುರೆಗಳಲ್ಲಿ ಮರುಕಳಿಸುವ ಕಣ್ಣುರಿಯೂತವೇ ದೊಡ್ಡ ಕಾರಣ. ಅದರ ಹಿಂದೆ ಹಲವು ಸಲ ಇರೋದು ಲೆಪ್ಟೋಸ್ಪೈರಾ ಎಂಬ ಬ್ಯಾಕ್ಟೀರಿಯಾ. ಇದು ಇಲಿ ಮುಂತಾದ ಪ್ರಾಣಿಗಳ ಮೂತ್ರದಿಂದ ನಿಂತ ನೀರಿಗೆ ಸೇರುತ್ತೆ. ಉರಿಯೂತದ ಶುರುವಿನಲ್ಲಿ ನೀರಿನ ಉತ್ಪಾದನೆ ಕುಗ್ಗಿ, ಬಸಿಯೋದು ಹೆಚ್ಚಿ, ಒತ್ತಡ ಇಳಿದೇ ಇರುತ್ತೆ. ಆಮೇಲೆ ಜೀವಕೋಶ, ಪ್ರೋಟೀನಿನ ಹೂಳು ಜಾಲರಿಗೆ ಕೂತು, ಗಾಯದ ಅಂಟು ಮೂಲೆ ಮುಚ್ಚಿದಾಗ ಒತ್ತಡ ಏರುತ್ತೆ. ಅಣೆಕಟ್ಟಿನ ಹೂಳು ಜಾಗ ತಿನ್ನುತ್ತೆ, ಕಣ್ಣಿನ ಹೂಳು ದಾರಿ ತಿನ್ನುತ್ತೆ. ಇದೇ ಗ್ಲಾಕೋಮಾ. ಕಾರ್ನಿಯಾ ಊದಿ ನೀಲಿಮಬ್ಬಾಗುತ್ತೆ, ಅದರಲ್ಲಿ ಬಿಳಿ ಗೆರೆಗಳು ಮೂಡುತ್ತವೆ, ಹಿಂದಿನ ದೃಷ್ಟಿನರ ನಲುಗುತ್ತೆ. ನಲುಗಿದ ನರ ಮತ್ತೆ ಚಿಗುರಲ್ಲ.

ತೊಂದರೆ ಏನಂದ್ರೆ, ಕುದುರೆ ನೋವನ್ನು ಅಷ್ಟಾಗಿ ತೋರಿಸಲ್ಲ. ಅರ್ಧ ಮುಚ್ಚಿದ ರೆಪ್ಪೆ, ಸುರಿಯೋ ನೀರು, ಸಣ್ಣ ಮಬ್ಬು, ಸಿಗೋ ಸುಳಿವು ಇಷ್ಟೇ. ಮನೆಯಲ್ಲಿ ಉಳಿದ ಡ್ರಾಪ್ಸ್ ಹಾಕೋದು ಇನ್ನೂ ಅಪಾಯ. ಅದರಲ್ಲಿ ಸ್ಟೀರಾಯ್ಡ್ ಇದ್ದು, ಕಾರ್ನಿಯಾದಲ್ಲಿ ಹುಣ್ಣಿದ್ದರೆ ಕಣ್ಣೇ ಹೋಗಬಹುದು.

ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಹೊಲದಾಗ ಕುರಿ ನಿಲ್ಲಿಸಿದವರ ಕುದುರೆ ಕಂಡರೆ ಒಮ್ಮೆ ಕಣ್ಣು ನೋಡಿ. ಮಬ್ಬಿದ್ದರೆ "ಅಣ್ಣಾ, ಇದು ಬರೀ ಹೂ ಅಲ್ಲದೆಯೂ ಇರಬಹುದು, ಇವತ್ತೇ ಪಶುವೈದ್ಯರಿಗೆ ತೋರ್ಸು" ಅನ್ನಿ. ತೂಬು ಪೂರ್ತಿ ಕಟ್ಟೋ ಮೊದಲೇ ನೋಡಿದರೆ ಕಣ್ಣು ಉಳಿಯಬಹುದು.